ತಂತಿ, ಕೊಳವೆ ಹಿಡಿದು ಹೊರದೇಶಕ್ಕೆ ಹೊರಡುವ ಮುನ್ನ: ಇಂಟರ್ವೆನ್ಷನಲ್ ರೇಡಿಯಾಲಜಿಯಲ್ಲಿ ಸ್ವಯಂಸೇವೆ ಮತ್ತು ಸಹಯೋಗ

ಸ್ವಯಂಸೇವೆಗಾಗಿ ಬೇರೆ ದೇಶಕ್ಕೆ ಹೋಗುವ ಆಸೆಯಿರುವ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟರು, ಅಂದರೆ ಅಲ್ಟ್ರಾಸೌಂಡ್, ಎಕ್ಸ್‌ರೇ ಚಿತ್ರಗಳನ್ನು ನೋಡುತ್ತ ಸೂಜಿ, ತಂತಿ, ಕೊಳವೆಗಳಿಂದ ಚಿಕಿತ್ಸೆ ಮಾಡುವ ವೈದ್ಯರು, ಸಾಮಾನ್ಯವಾಗಿ ಮೊದಲು ಕೇಳುವುದು "ಎಲ್ಲಿಗೆ ಹೋಗಬಹುದು, ಯಾರ ಮೂಲಕ ಹೋಗಬಹುದು" ಎಂದು. ಆ ಪ್ರಶ್ನೆಗೆ ಉತ್ತರವನ್ನು ಈ ಉಪನ್ಯಾಸದಲ್ಲಿ ಕೊಡುತ್ತೇನೆ, ಆದರೆ ಸ್ವಲ್ಪ ತಡವಾಗಿ ಕೊಡುತ್ತೇನೆ. ಏಕೆಂದರೆ ನಮ್ಮ ವಿಭಾಗಕ್ಕೇ ವಿಶಿಷ್ಟವಾದ ಒಂದು ತೊಡಕಿದೆ. ಅದನ್ನು ಅರ್ಥಮಾಡಿಕೊಳ್ಳದೆ ಸಂಸ್ಥೆಗಳ ಹೆಸರು ತಿಳಿದುಕೊಂಡರೆ ಪ್ರಯೋಜನ ಕಡಿಮೆ. ಸೀಳುತುಟಿಯ ಶಸ್ತ್ರಚಿಕಿತ್ಸೆಗೋ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೋ ಹೋಗುವ ತಂಡವೊಂದು ಒಂದೆರಡು ವಾರಗಳಲ್ಲಿ ಬಹುಮಟ್ಟಿಗೆ ಪೂರ್ಣಗೊಳ್ಳುವ ಕೆಲಸವನ್ನು ಮಾಡಿ ಬರುತ್ತದೆ. ಆ ಶಸ್ತ್ರಚಿಕಿತ್ಸಕರು ನನ್ನ ಈ ಮಾತನ್ನು ಪೂರ್ತಿಯಾಗಿ ಒಪ್ಪಲಿಕ್ಕಿಲ್ಲ, ಅವರಿಗೂ ಅನುಸರಣೆಯ ಚಿಕಿತ್ಸೆಯ ಚಿಂತೆ ಇದ್ದೇ ಇರುತ್ತದೆ. ಆದರೂ ನಮ್ಮ ಸ್ಥಿತಿ ಬೇರೆಯೇ. ನಾವು ಮಾಡುವ ಚಿಕಿತ್ಸೆಗಳಲ್ಲಿ ಅನೇಕವು ರೋಗಿಯ ದೇಹದಲ್ಲಿ ಒಂದು ಕೊಳವೆಯನ್ನು ಉಳಿಸಿ ಬರುತ್ತವೆ, ಮತ್ತು ಆ ಕೊಳವೆಗೆ ಒಂದು ಅವಧಿ ಇರುತ್ತದೆ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 6,60,000 ಮಹಿಳೆಯರಿಗೆ ಹೊಸದಾಗಿ ಗರ್ಭಕಂಠದ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 3,50,000 ಮಂದಿ ತೀರಿಕೊಂಡರು, ಮತ್ತು ಆ ಸಾವುಗಳಲ್ಲಿ ಶೇಕಡ 94ರಷ್ಟು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಂಭವಿಸಿದವು. ರೋಗ ಮುಂದುವರಿದ ಹಂತದಲ್ಲಿ ಗಡ್ಡೆಯು ಎರಡೂ ಮೂತ್ರನಾಳಗಳನ್ನು ಒತ್ತಿ ಮುಚ್ಚುತ್ತದೆ, ಮೂತ್ರಪಿಂಡಗಳು ಸೋಲುತ್ತವೆ, ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಏರಿದ ಕಾರಣ ಕೀಮೋಥೆರಪಿ ಕೊಡಲಾಗದೆ ರೋಗಿ ವಾರ್ಡಿನಲ್ಲೇ ಉಳಿಯುತ್ತಾಳೆ. ನೀವು ಹೋಗುತ್ತೀರಿ, ಅಲ್ಟ್ರಾಸೌಂಡ್ ನೋಡುತ್ತ ಬೆನ್ನಿನ ಮೂಲಕ ಸೂಜಿ ಹಾಕಿ, ತಂತಿಯ ಮೇಲೆ, ಮೂತ್ರಪಿಂಡದಿಂದ ಮೂತ್ರವನ್ನು ನೇರವಾಗಿ ಹೊರಬಿಡುವ ನೆಫ್ರಾಸ್ಟಮಿ ಕೊಳವೆಯನ್ನು ಕೂರಿಸುತ್ತೀರಿ. ಕೆಲವೇ ದಿನಗಳಲ್ಲಿ ಕ್ರಿಯಾಟಿನಿನ್ ಇಳಿಯುತ್ತದೆ. ತಾಂತ್ರಿಕವಾಗಿ ಇದು ಅಷ್ಟೇನೂ ಕಠಿಣವಲ್ಲದ, ಫಲಿತಾಂಶ ತಕ್ಷಣ ಕಾಣುವ ಕೆಲಸ. ಆದರೆ ಆ ಕೊಳವೆಯನ್ನು ಸುಮಾರು 3 ತಿಂಗಳಿಗೊಮ್ಮೆ ಬದಲಿಸಬೇಕು. ಅದರ ನಡುವೆ ಅದು ಜಾರಿ ಹೊರಬರಬಹುದು, ಕಟ್ಟಿಕೊಳ್ಳಬಹುದು, ಸೋಂಕು ತಗಲಬಹುದು. ಕಟ್ಟಿಕೊಂಡ ಕೊಳವೆಯ ಹಿಂದೆ ಸೋಂಕು ತಗಲಿದ ಮೂತ್ರ ನಿಂತರೆ, ರಕ್ತಕ್ಕೆ ನಂಜೇರಿ ರೋಗಿ ಒಂದೆರಡು ದಿನಗಳಲ್ಲೇ ಸಾಯಬಹುದು. ಆಗ ನೀವು ನಿಮ್ಮ ಊರಿನಲ್ಲಿರುತ್ತೀರಿ. ಆ ಆಸ್ಪತ್ರೆಯಲ್ಲಿ ಕೊಳವೆ ಬದಲಿಸಲು ಬಲ್ಲವರು ಯಾರು, ಬದಲಿಸಲು ಹೊಸ ಕೊಳವೆ ಎಲ್ಲಿದೆ, ಅದರ ಹಣವನ್ನು ಯಾರು ಕೊಡುತ್ತಾರೆ? ಈ ಮೂರಕ್ಕೂ ಉತ್ತರ ಇಲ್ಲದಿದ್ದರೆ ಆ ಕೊಳವೆಯನ್ನು ಹಾಕಬೇಕೇ ಬೇಡವೇ ಎಂಬುದು ನಿಜವಾಗಿಯೂ ಕಷ್ಟದ ಪ್ರಶ್ನೆ. ಅದನ್ನು ರೋಗಿಯನ್ನು ಮೇಜಿನ ಮೇಲೆ ಮಲಗಿಸಿದ ಮೇಲೆ ಯೋಚಿಸುವಂತಿಲ್ಲ.

ಆದ್ದರಿಂದ ಭೇಟಿಯ ಸಮಯದಲ್ಲಿ ಯಾವ ಚಿಕಿತ್ಸೆಗಳನ್ನು ಮಾಡಬೇಕು ಎಂಬುದನ್ನು ನಮ್ಮ ಕೈಚಳಕವಾಗಲಿ, ತಂದ ಸಾಮಗ್ರಿಯಾಗಲಿ ನಿರ್ಧರಿಸಬಾರದು. ನಾವು ಹೊರಟ ನಂತರದ ವ್ಯವಸ್ಥೆ ನಿರ್ಧರಿಸಬೇಕು. ಅಲ್ಟ್ರಾಸೌಂಡ್ ನೆರವಿನ ಬಯಾಪ್ಸಿ ಈ ದೃಷ್ಟಿಯಿಂದ ಅತ್ಯಂತ ಸುರಕ್ಷಿತವಾದ ಆರಂಭ. ಮುಂದೆ ನೋಡಿಕೊಳ್ಳಬೇಕಾದದ್ದು ಕಡಿಮೆ, ಸಾಮಗ್ರಿ ಕಡಿಮೆ, ಸ್ಥಳೀಯ ವೈದ್ಯರಿಗೆ ಬೇಗ ಕಲಿಸಬಹುದು. ಆದರೆ ಬಯಾಪ್ಸಿಯ ತುಣುಕನ್ನು ಓದಲು ಪೆಥಾಲಜಿಸ್ಟರು ಇದ್ದಾರೆಯೇ ಎಂದು ವಿಚಾರಿಸಿಯೇ ಮುಂದುವರಿಯಬೇಕು. ಯಕೃತ್ತಿನ ಕೀವುಗಡ್ಡೆಗೆ ಕೊಳವೆ ಹಾಕುವುದು ಕೂಡ ಹಾಗೆಯೇ, ಕೊಳವೆ ಕೆಲವು ದಿನಗಳಲ್ಲಿ ಹೊರಬರುತ್ತದೆ. ಪಿತ್ತನಾಳದ ಕೊಳವೆಗೆ ಬಂದರೆ ನೆಫ್ರಾಸ್ಟಮಿಯ ಸಮಸ್ಯೆಯೇ ಇನ್ನಷ್ಟು ತೀವ್ರವಾಗಿ ಎದುರಾಗುತ್ತದೆ. ಯಕೃತ್ತಿನ ಕ್ಯಾನ್ಸರಿಗೆ, ಗಡ್ಡೆಯ ರಕ್ತನಾಳಕ್ಕೇ ಔಷಧ ಬಿಟ್ಟು ಅದನ್ನು ಮುಚ್ಚುವ ಕೀಮೋಎಂಬೊಲೈಸೇಷನ್ ಸಾಮಾನ್ಯವಾಗಿ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಟಿಪ್ಸ್, ಅಂದರೆ ಯಕೃತ್ತಿನೊಳಗೆ ರಕ್ತಕ್ಕೆ ಹೊಸ ದಾರಿ ಮಾಡಿಕೊಡುವ ಸ್ಟೆಂಟ್, ಹಾಕಿದ ರೋಗಿಯನ್ನು ವರ್ಷಗಟ್ಟಲೆ ಗಮನಿಸಬೇಕಾಗುತ್ತದೆ. ಇವನ್ನು ಮೊದಲ ಭೇಟಿಯಲ್ಲೇ ಮಾಡಿ ತೋರಿಸುವ ಉತ್ಸಾಹವನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ಹೆರಿಗೆಯ ನಂತರದ ರಕ್ತಸ್ರಾವದ ವಿಷಯ ಇನ್ನೂ ಬೇರೆ ರೀತಿಯದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 70,000 ತಾಯಂದಿರು ಇದರಿಂದ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತ್ತು. ಗರ್ಭಾಶಯದ ರಕ್ತನಾಳಗಳನ್ನು ಜೆಲಟಿನ್ ಸ್ಪಂಜಿನಿಂದ ಮುಚ್ಚಿ ರಕ್ತಸ್ರಾವ ನಿಲ್ಲಿಸುವುದು ನಮ್ಮಲ್ಲಿ ಅನೇಕರಿಗೆ ಚೆನ್ನಾಗಿ ಗೊತ್ತು, ಅದರ ಸಾಮಗ್ರಿಯೂ ದುಬಾರಿಯಲ್ಲ. ಆದರೆ ಈ ರಕ್ತಸ್ರಾವ ಯಾವ ತಂಡದ ಪ್ರವಾಸದ ದಿನಾಂಕ ನೋಡಿಕೊಂಡೂ ಬರುವುದಿಲ್ಲ. ನಡುರಾತ್ರಿ ಬರುತ್ತದೆ, ಅರ್ಧ ಗಂಟೆಯೊಳಗೆ ನಿರ್ಧಾರ ಬೇಕಾಗುತ್ತದೆ. ಇದರಲ್ಲಿ ಸಂದರ್ಶಕ ವೈದ್ಯ ನೇರವಾಗಿ ಮಾಡಬಹುದಾದದ್ದು ಬಹಳ ಕಡಿಮೆ. ಸ್ಥಳೀಯ ವೈದ್ಯರು ಮತ್ತು ದಾದಿಯರು ದಿನದ 24 ಗಂಟೆಯೂ ಸಿದ್ಧರಾಗಿರುವ ಸ್ಥಿತಿಯನ್ನು ತರಲು ನೆರವಾಗುವುದೊಂದೇ ದಾರಿ.

ಈ ಸ್ಥಿತಿಯನ್ನು ತರಲು ಸಾಧ್ಯವೇ ಎಂದು ಕೇಳುವವರಿಗೆ ತಾಂಜಾನಿಯಾದ ದಾರ್ ಎಸ್ ಸಲಾಮ್ ನಗರದ ಮುಹಿಂಬಿಲಿ ರಾಷ್ಟ್ರೀಯ ಆಸ್ಪತ್ರೆಯ ಅನುಭವ ಒಂದು ಉತ್ತರ. ಸುಮಾರು 6 ಕೋಟಿ ಜನರ ಆ ದೇಶದಲ್ಲಿ ಇಂಟರ್ವೆನ್ಷನಲ್ ರೇಡಿಯಾಲಜಿ ಸೇವೆ ಎಂಬುದೇ ಇರಲಿಲ್ಲ. 2018ರಲ್ಲಿ 'ರೋಡ್ ಟು ಐಆರ್' (ಐಆರ್ ಎಂದರೆ ಇಂಟರ್ವೆನ್ಷನಲ್ ರೇಡಿಯಾಲಜಿ) ಎಂಬ ಕಾರ್ಯಕ್ರಮ ಅಲ್ಲಿ ಆರಂಭವಾಯಿತು. ಒಬ್ಬ ವೈದ್ಯ, ಒಬ್ಬ ದಾದಿ, ಒಬ್ಬ ತಂತ್ರಜ್ಞ ಇರುವ ತಂಡಗಳು ಸರದಿಯಂತೆ, ತಿಂಗಳಿಗೊಂದರಂತೆ, ಸುಮಾರು ಎರಡು ವಾರಗಳ ಮಟ್ಟಿಗೆ ಹೋಗಿ ಕಲಿಸುವ ಪದ್ಧತಿಯನ್ನು ಅದು ಅನುಸರಿಸಿತು. ಮುಹಿಂಬಿಲಿ ವಿಶ್ವವಿದ್ಯಾಲಯದಲ್ಲಿ 2019ರಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ಕೋರ್ಸ್ ಆರಂಭವಾಗಿ, 2021ರಲ್ಲಿ ಅದರ ಮೊದಲ ತಂಡ ತೇರ್ಗಡೆಯಾಯಿತು. ಇಲ್ಲಿ ನೀವು ಗಮನಿಸಬೇಕಾದ ಸಂಗತಿಗಳು ಕೆಲವಿವೆ. ಪದವಿಯನ್ನು ಕೊಟ್ಟದ್ದು ಅಲ್ಲಿನ ವಿಶ್ವವಿದ್ಯಾಲಯ, ಹೊರಗಿನ ಸಂಸ್ಥೆಯಲ್ಲ. ಆರಂಭದ ವರ್ಷಗಳಲ್ಲಿ ಮಾಡಿದ ಕೆಲಸದ ದೊಡ್ಡ ಪಾಲು ಬಯಾಪ್ಸಿ, ಕೊಳವೆ ಹಾಕುವುದು ಮುಂತಾದ, ರಕ್ತನಾಳಕ್ಕೆ ಸಂಬಂಧಿಸದ ಚಿಕಿತ್ಸೆಗಳು. ಹಿಂದಿನ ತಂಡ ಹಾಕಿದ ಕೊಳವೆಯನ್ನು ಮುಂದಿನ ತಂಡ ನೋಡುವಷ್ಟು ಹತ್ತಿರದಲ್ಲಿ ಭೇಟಿಗಳಿದ್ದವು, ಮತ್ತು ನಡುವಿನ ದಿನಗಳಲ್ಲಿ ಕಲಿಯುವವರೇ ರೋಗಿಗಳನ್ನು ನೋಡುತ್ತಿದ್ದರು. ನಾನು ಮೊದಲು ಕೇಳಿದ ಮೂರು ಪ್ರಶ್ನೆಗಳಲ್ಲಿ, ಕೊಳವೆ ಬದಲಿಸಬಲ್ಲವರು ಯಾರು ಎಂಬುದಕ್ಕಾದರೂ ಈ ರಚನೆಯಲ್ಲೇ ಉತ್ತರವಿದೆ. ಮುಂದೆ ತಾಂಜಾನಿಯಾದ ಹೊರಗಿನ ಆಫ್ರಿಕಾದ ವೈದ್ಯರೂ ಅಲ್ಲಿಗೆ ಕಲಿಯಲು ಬಂದರು. ಭಾಷೆ, ಪರಿಸರ, ರೋಗಗಳ ಸ್ವರೂಪ ಇವೆಲ್ಲ ಹತ್ತಿರವಾಗಿರುವಲ್ಲಿ ಕಲಿಕೆಯ ಉಪಯೋಗ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಉಳಿದ ಎರಡು ಪ್ರಶ್ನೆಗಳು ಸಾಮಗ್ರಿ ಮತ್ತು ಅದರ ಹಣದವು. ನಮ್ಮ ವಿಭಾಗದ ಅತಿ ದೊಡ್ಡ ಸಂಕಟವೂ ಅದೇ. ಶಸ್ತ್ರಚಿಕಿತ್ಸಕರ ಕತ್ತರಿ, ಚಿಮುಟಗಳನ್ನು ತೊಳೆದು, ಕ್ರಿಮಿಶುದ್ಧಗೊಳಿಸಿ ವರ್ಷಗಟ್ಟಲೆ ಬಳಸಬಹುದು. ನಮ್ಮ ಸೂಜಿ, ಒಳಹೋಗುವ ದಾರಿ ತೆರೆದಿಡುವ ಶೀತ್, ದಾರಿ ತೋರುವ ತಂತಿಯಾದ ಗೈಡ್‌ವೈರ್, ಸಣ್ಣ ಕೊಳವೆಯಾದ ಕ್ಯಾತಿಟರ್, ಬಲೂನ್, ರಕ್ತನಾಳ ಮುಚ್ಚುವ ಕಾಯಿಲ್ ಎಲ್ಲವೂ ಒಂದೇ ಸಲ ಬಳಸಿ ಎಸೆಯಲೆಂದು ತಯಾರಾದವು. ಸ್ಥಳೀಯ ವಿತರಕರಿಲ್ಲದ ದೇಶದಲ್ಲಿ ಇವನ್ನು ಕೊಳ್ಳುವುದು ಹಣವಿದ್ದರೂ ಸುಲಭವಲ್ಲ; ನೋಂದಣಿಯಾಗದ ಉತ್ಪನ್ನ ಸುಂಕದ ಕಚೇರಿಯಲ್ಲಿ ತಿಂಗಳುಗಟ್ಟಲೆ ನಿಲ್ಲಬಹುದು. ಪ್ರತಿ ತಂಡವೂ ತನ್ನ ಪೆಟ್ಟಿಗೆಯಲ್ಲಿ ಸಾಮಗ್ರಿ ತಂದು ಕೊಡುವುದರಿಂದ ಆರಂಭಕ್ಕೆ ನೆರವಾಗುತ್ತದೆ, ಆದರೆ ಆ ಪೆಟ್ಟಿಗೆಗಳು ನಿಂತ ದಿನ ಸೇವೆಯೂ ನಿಲ್ಲುವುದಾದರೆ ಅದು ಸೇವೆಯಲ್ಲ. ಹಾಗಾಗಿ ನೀವು ಕಲಿಸುವಾಗಲೂ ಮಿತವ್ಯಯದ ಕ್ರಮವನ್ನೇ ಕಲಿಸಬೇಕು: ಅಲ್ಲಿ ಸಿಗುವ ಎರಡು ಮೂರು ಬಗೆಯ ಕ್ಯಾತಿಟರುಗಳಲ್ಲೇ ಕೆಲಸ ಮುಗಿಸುವುದು, ರಕ್ತನಾಳ ಮುಚ್ಚಲು ದುಬಾರಿ ಕಣಗಳ ಬದಲು ಸಾಧ್ಯವಿರುವಲ್ಲಿ ಜೆಲಟಿನ್ ಸ್ಪಂಜನ್ನು ಬಳಸುವುದು, ಚಲಿಸುವ ಎಕ್ಸ್‌ರೇ ಚಿತ್ರ ತೋರಿಸುವ ಫ್ಲೋರೋಸ್ಕೋಪಿ ಇಲ್ಲದೆ ಅಲ್ಟ್ರಾಸೌಂಡ್ ಒಂದರಿಂದಲೇ ಮುಗಿಯುವುದನ್ನು ಹಾಗೆಯೇ ಮುಗಿಸುವುದು. ಒಮ್ಮೆ ಬಳಸಿದ್ದನ್ನು ಶುದ್ಧಗೊಳಿಸಿ ಮತ್ತೆ ಬಳಸುವ ರೂಢಿ ಅನೇಕ ಕಡೆ ಇದೆ. ಅದನ್ನು ಕಂಡ ಕೂಡಲೇ ಮುಖ ಸಿಂಡರಿಸಿ ಉಪದೇಶ ಮಾಡುವ ಸಂದರ್ಶಕರು ತಾವು ಹೋದ ಮೇಲೆ ಅಲ್ಲಿ ಬೇರೆ ಯಾವ ಆಯ್ಕೆ ಉಳಿಯುತ್ತದೆ ಎಂದು ಯೋಚಿಸಿರುವುದಿಲ್ಲ. ಆ ರೂಢಿಯನ್ನು ನಾನು ಸಮರ್ಥಿಸುತ್ತಿಲ್ಲ. ಯಾವುದನ್ನು ಯಾವ ಕಾರಣಕ್ಕೂ ಮತ್ತೆ ಬಳಸಬಾರದು, ಶುದ್ಧೀಕರಣದ ವಿಧಾನ ಹೇಗಿದೆ, ಬಳಕೆಯ ದಾಖಲೆ ಇದೆಯೇ ಎಂದು ಅಲ್ಲಿನವರೊಡನೆ ಕುಳಿತು ಚರ್ಚಿಸುವುದು ಉಪದೇಶಕ್ಕಿಂತ ಉಪಯುಕ್ತ ಎನ್ನುತ್ತಿದ್ದೇನೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗಲು ಅನುಮತಿ ಕೊಡಿ. ನಮ್ಮ ವಿಭಾಗ ಹುಟ್ಟಿದ್ದೇ ಕೊರತೆಯ ನಡುವೆ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ರೇಡಿಯಾಲಜಿಸ್ಟ್ ಚಾರ್ಲ್ಸ್ ಡಾಟರ್ ಅವರು, ಕಾಲು ಕತ್ತರಿಸಿಕೊಳ್ಳಲು ಒಪ್ಪದಿದ್ದ 82 ವರ್ಷದ ಮಹಿಳೆಯೊಬ್ಬರ ತೊಡೆಯ ರಕ್ತನಾಳವನ್ನು ಕ್ಯಾತಿಟರಿನಿಂದಲೇ ಹಿಗ್ಗಿಸಿದರು. ಆಗ ಅಂಗಡಿಯಿಂದ ತರಬಹುದಾದ ಸಾಮಗ್ರಿ ಹೆಚ್ಚೇನೂ ಇರಲಿಲ್ಲ. ಗಿಟಾರಿನ ತಂತಿಯಿಂದ ಗೈಡ್‌ವೈರ್ ಮಾಡಿಕೊಂಡವರು ಅವರು. ಇನ್ನೊಂದು ಸಂಗತಿ ಇದಕ್ಕಿಂತ ಕಡಿಮೆ ಜನರಿಗೆ ಗೊತ್ತು. ಪರೋಪಜೀವಿ ಹುಳುವಿನಿಂದ ಯಕೃತ್ತಿನಲ್ಲಿ ಬೆಳೆಯುವ ಹೈಡಾಟಿಡ್ ಚೀಲಕ್ಕೆ ಸೂಜಿ ಹಾಕಬಾರದು, ಹಾಕಿದರೆ ಅಲರ್ಜಿಯ ಆಘಾತವಾಗುತ್ತದೆ, ರೋಗ ಹೊಟ್ಟೆಯೊಳಗೆಲ್ಲ ಹರಡುತ್ತದೆ ಎಂದೇ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಚುಚ್ಚುವುದು, ಹೀರುವುದು, ಪರೋಪಜೀವಿಯನ್ನು ಕೊಲ್ಲುವ ದ್ರವವನ್ನು ಒಳಬಿಡುವುದು, ಮತ್ತೆ ಹೀರುವುದು ಎಂಬ ನಾಲ್ಕು ಹೆಜ್ಜೆಗಳ 'ಪೇರ್' ವಿಧಾನವನ್ನು 1980ರ ದಶಕದ ನಡುವಿನಲ್ಲಿ ಮುಂದಿಟ್ಟವರು ಟುನೀಶಿಯಾದ ವೈದ್ಯರು. ಆ ರೋಗವನ್ನು ದಿನವೂ ನೋಡುತ್ತಿದ್ದವರು ಅವರು. ನಂತರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗಳಲ್ಲಿಯೂ ಆ ವಿಧಾನಕ್ಕೆ ಸ್ಥಾನ ದೊರೆಯಿತು. ಕಲಿಸಲು ಹೊರಟವರು ಕಲಿಯಲೂ ಸಿದ್ಧರಾಗಿರಬೇಕು ಎನ್ನುವ ಮಾತನ್ನು ಬರಿಯ ಸೌಜನ್ಯದ ಮಾತೆಂದು ತಿಳಿಯಬೇಡಿ. ಕ್ಷಯದಿಂದ ಹಾಳಾದ ಶ್ವಾಸಕೋಶದಿಂದ ರಕ್ತ ಕೆಮ್ಮುವ ರೋಗಿಗಳನ್ನು ನೀವು ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ನೋಡಿದ್ದರೆ, ಅಲ್ಲಿನ ಎದೆರೋಗ ತಜ್ಞರು ವಾರಕ್ಕೆ ಅಷ್ಟು ಜನರನ್ನು ನೋಡುತ್ತಿರಬಹುದು.

ಮತ್ತೆ ಸಾಮಗ್ರಿಗೆ ಬರೋಣ, ದಾನದ ವಿಷಯ ಬಾಕಿ ಇದೆ. ವೈದ್ಯಕೀಯ ಉಪಕರಣಗಳ ದಾನದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿಗಳನ್ನು ಕೊಟ್ಟಿದೆ. ಪಡೆಯುವವರಿಗೆ ಗರಿಷ್ಠ ಪ್ರಯೋಜನವಾಗಬೇಕು, ಅವರ ಇಚ್ಛೆಗೆ ಗೌರವವಿರಬೇಕು, ಗುಣಮಟ್ಟದಲ್ಲಿ ಎರಡು ಅಳತೆಗೋಲು ಇರಬಾರದು, ಕೊಡುವವರೂ ಪಡೆಯುವವರೂ ಸರಿಯಾಗಿ ಮಾತನಾಡಿಕೊಳ್ಳಬೇಕು ಎಂಬುದು ಅದರ ತಿರುಳು. ನಮ್ಮ ಆಸ್ಪತ್ರೆಯಲ್ಲಿ ಬಳಸಲು ಒಪ್ಪದ, ಅವಧಿ ಮೀರಿದ ಸ್ಟೆಂಟನ್ನು ಬೇರೆಯವರಿಗೆ ಕೊಡುವುದು ದಾನವೆನಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಮಾತು ಬೇಕಿಲ್ಲ. ಕಡಿಮೆ ಸಂಪನ್ಮೂಲದ ದೇಶಗಳಲ್ಲಿ ವೈದ್ಯಕೀಯ ಉಪಕರಣಗಳ ಸುಮಾರು ಶೇಕಡ 40ರಷ್ಟು ಕೆಲಸಕ್ಕೆ ಬಾರದೆ ನಿಂತಿವೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆಂಜಿಯೋಗ್ರಫಿ ಯಂತ್ರದಂಥ ದೊಡ್ಡ ಉಪಕರಣವನ್ನು ಕೊಡುವಾಗ ವಿದ್ಯುತ್ತಿನ ವೋಲ್ಟೇಜ್, ಕೋಣೆಯ ತಂಪು, ಬಿಡಿಭಾಗ, ದುರಸ್ತಿಯ ಒಪ್ಪಂದ, ಎಂಜಿನಿಯರ್ ಎಷ್ಟು ದೂರದಲ್ಲಿದ್ದಾರೆ ಎಂಬುದು, ಇವೆಲ್ಲ ಯಂತ್ರದ ಬೆಲೆಯಷ್ಟೇ ಮುಖ್ಯ. ಒಬ್ಬ ಬಯೋಮೆಡಿಕಲ್ ಎಂಜಿನಿಯರನ್ನು ತಂಡದಲ್ಲಿ ಕರೆದೊಯ್ಯುವುದು ಇನ್ನೊಬ್ಬ ವೈದ್ಯನನ್ನು ಕರೆದೊಯ್ಯುವುದಕ್ಕಿಂತ ಅನೇಕ ಸಲ ಹೆಚ್ಚು ಫಲ ಕೊಡುತ್ತದೆ.

ದಾದಿಯರ ಮತ್ತು ತಂತ್ರಜ್ಞರ ಪಾತ್ರವನ್ನು ಒಂದು ವಾಕ್ಯದಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಮಂಪರು ಔಷಧ ಕೊಟ್ಟ ರೋಗಿಯ ಉಸಿರನ್ನು ಗಮನಿಸುವವರು, ಕೊಳವೆಯನ್ನು ದಿನವೂ ತೊಳೆಯುವುದು ಹೇಗೆಂದು ರೋಗಿಯ ಮನೆಯವರಿಗೆ ಅವರ ಭಾಷೆಯಲ್ಲೇ ಕಲಿಸುವವರು, ಎಷ್ಟು ಕೊಳವೆ ಉಳಿದಿದೆ ಎಂಬ ಲೆಕ್ಕವಿಡುವವರು ಅವರೇ. ವೈದ್ಯ ಮಾತ್ರ ತರಬೇತಾಗಿ, ಉಳಿದವರು ತರಬೇತಾಗದಿದ್ದರೆ ಆ ವೈದ್ಯ ಒಂಟಿಯಾಗಿ ಬೇಸತ್ತು ಬೇರೆಡೆಗೆ ಹೋಗುವುದು ಬಹುತೇಕ ಖಚಿತ. ಚಿಕಿತ್ಸೆಗೆ ಮೊದಲು ತಂಡದವರೆಲ್ಲ ನಿಂತು ರೋಗಿಯ ಹೆಸರು, ಬದಿ, ಅಲರ್ಜಿ, ರಕ್ತ ಹೆಪ್ಪುಗಟ್ಟುವಿಕೆಯ ವರದಿ ಇವನ್ನು ಓದಿ ಹೇಳುವ ಪರಿಶೀಲನಾ ಪಟ್ಟಿಯನ್ನು ಯುರೋಪಿನ ಸಿರ್ಸ್ ಸಂಘಟನೆ ನಮ್ಮ ವಿಭಾಗಕ್ಕೆಂದೇ ರೂಪಿಸಿದೆ; ಅದಕ್ಕೆ ತಗಲುವ ಖರ್ಚು ಒಂದು ಹಾಳೆ ಕಾಗದದ್ದು. ವಿಕಿರಣದ ರಕ್ಷಣೆಯೂ ಹೀಗೆಯೇ ಎಲ್ಲರಿಗೂ ಸೇರಿದ್ದು. ಸೀಸದ ಏಪ್ರನ್ ಸಾಲದಿದ್ದಾಗ ಅದು ಸಂದರ್ಶಕ ವೈದ್ಯರ ಮೈಮೇಲೆ ಇರುತ್ತದೆ, ರೋಗಿಯ ಕೈ ಹಿಡಿದು ನಿಂತ ಸಹಾಯಕಿ ಏಪ್ರನ್ ಇಲ್ಲದೆ ನಿಂತಿರುತ್ತಾಳೆ. ಕಣ್ಣಿನ ಮಸೂರಕ್ಕೆ ತಗಲುವ ವಿಕಿರಣದ ಮಿತಿಯನ್ನು 2011ರಲ್ಲಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟಿಗೆ ಇಳಿಸಲಾಗಿದೆ. ತಗಲಿದ ವಿಕಿರಣವನ್ನು ಅಳೆಯುವ ಡೋಸಿಮೀಟರೇ ಇಲ್ಲದ ಕಡೆ ಆ ಮಿತಿಗೆ ಅರ್ಥವಿಲ್ಲ. ಏಪ್ರನ್, ಡೋಸಿಮೀಟರ್ ಎಲ್ಲರಿಗೂ ಸಿಗುವ ತನಕ ಎಕ್ಸ್‌ರೇ ನೆರವಿನ ಚಿಕಿತ್ಸೆಗಳನ್ನು ಆರಂಭಿಸಬೇಡಿ ಎನ್ನುವಷ್ಟು ಕಟ್ಟುನಿಟ್ಟು ನಾನು.

ಈಗ ನೀವು ಕಾಯುತ್ತಿದ್ದ ಪ್ರಶ್ನೆಗೆ ಬರುತ್ತೇನೆ. ದಾರಿಗಳು ಹಲವು. 2008ರಲ್ಲಿ ಆರಂಭವಾದ ರಾಡ್‌ಏಡ್ ಸಂಸ್ಥೆ ರೇಡಿಯಾಲಜಿಯ ಎಲ್ಲ ಶಾಖೆಗಳಲ್ಲೂ ಕೆಲಸ ಮಾಡುತ್ತದೆ. ಒಂದು ಆಸ್ಪತ್ರೆಗೆ ತಂಡ ಕಳಿಸುವ ಮೊದಲು ಅಲ್ಲಿನ ಯಂತ್ರ, ಸಿಬ್ಬಂದಿ, ವಿದ್ಯುತ್ತು, ರೋಗಿಗಳ ಸ್ವರೂಪ ಎಲ್ಲವನ್ನೂ ಅಳೆಯುವ ಸನ್ನದ್ಧತಾ ಸಮೀಕ್ಷೆಯನ್ನು ಅದು ರೂಪಿಸಿಕೊಂಡಿದೆ. ರೋಡ್ ಟು ಐಆರ್ ಬಗ್ಗೆ ಈಗಾಗಲೇ ಹೇಳಿದೆ. ಅಮೆರಿಕದ ಎಸ್‌ಐಆರ್, ಯುರೋಪಿನ ಸಿರ್ಸ್ ಮುಂತಾದ ವೃತ್ತಿಸಂಘಗಳ ವಾರ್ಷಿಕ ಸಮ್ಮೇಳನಗಳಲ್ಲಿ ಇಂಥ ಕೆಲಸದಲ್ಲಿ ತೊಡಗಿದವರನ್ನು ಮುಖತಃ ಭೇಟಿಯಾಗಬಹುದು, ಮತ್ತು ನನ್ನ ಅನಿಸಿಕೆಯಲ್ಲಿ ಅರ್ಜಿ ತುಂಬುವುದಕ್ಕಿಂತ ಅದೇ ಒಳ್ಳೆಯ ಆರಂಭ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಾಂತ್ರಿಕ ಸಹಕಾರ ಯೋಜನೆಗಳು ತಜ್ಞರ ಭೇಟಿಗಳಿಗೂ ತರಬೇತಿಗಳಿಗೂ ಅವಕಾಶ ಮಾಡಿಕೊಡುತ್ತವೆ. ಆದರೆ ಅಲ್ಲಿ ಕೋರಿಕೆ ಸದಸ್ಯ ದೇಶದಿಂದ ಬರಬೇಕು. ಇವೆಲ್ಲದರ ಹೊರಗೆ, ಎರಡು ಆಸ್ಪತ್ರೆಗಳು ತಮ್ಮೊಳಗೇ ಒಪ್ಪಂದ ಮಾಡಿಕೊಂಡು ವರ್ಷಗಟ್ಟಲೆ ನಡೆಸುವ ಜೋಡಿ ಕಾರ್ಯಕ್ರಮವೂ ಉಂಟು. ಸದ್ದಿಲ್ಲದೆ ನಡೆಯುವ ಇಂಥ ಜೋಡಿಗಳಿಗೇ ನನ್ನ ಒಲವು ಹೆಚ್ಚು.

ಯಾವ ಸಂಸ್ಥೆಯಾದರೂ ಸರಿ, ಒಪ್ಪುವ ಮೊದಲು ಕೇಳಬೇಕಾದ್ದನ್ನು ಕೇಳಿ. ಅಲ್ಲಿನ ಆಸ್ಪತ್ರೆ ಆಹ್ವಾನಿಸಿದೆಯೇ, ಅಥವಾ ಸಂಸ್ಥೆಯೇ ತೀರ್ಮಾನಿಸಿ ಹೊರಟಿದೆಯೇ? ಹಿಂದಿನ ತಂಡ ಚಿಕಿತ್ಸೆ ನೀಡಿದ ರೋಗಿಗಳ ಈಗಿನ ಸ್ಥಿತಿಯ ದಾಖಲೆ ಯಾರ ಬಳಿ ಇದೆ? ಅಲ್ಲಿ ಯಾರು ಕಲಿಯುತ್ತಿದ್ದಾರೆ, ಅವರಿಗೆ ಈ ಕೆಲಸಕ್ಕೆ ಹುದ್ದೆಯೂ ಸಂಬಳವೂ ಇದೆಯೇ? ದಾಖಲೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ನಾನಾದರೆ ಹೋಗುವುದಿಲ್ಲ.

ಹೋಗದೆಯೂ ಮಾಡಬಹುದಾದ ಕೆಲಸ ಬಹಳ ಇದೆ, ಮನೆಯ ಜವಾಬ್ದಾರಿಯಿಂದಲೋ ರಜೆಯ ಕೊರತೆಯಿಂದಲೋ ಹೊರಡಲಾಗದವರು ಇದನ್ನು ಗಮನಿಸಿ. ವಾರಕ್ಕೊಮ್ಮೆ ದೂರದಿಂದಲೇ ಪ್ರಕರಣಗಳನ್ನು ಚರ್ಚಿಸುವ ಕ್ರಮ ಹೊಸದಲ್ಲ. 2003ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಆರಂಭವಾದ ಎಕೋ ಯೋಜನೆ ಅದನ್ನು ಒಂದು ಪದ್ಧತಿಯಾಗಿಯೇ ಬೆಳೆಸಿತು. ನಾಳೆಯ ಚಿಕಿತ್ಸೆಗೆ ಇಂದು ಸಿ.ಟಿ. ನೋಡಿ, ಸೂಜಿಯ ದಾರಿ ಯಾವುದು, ಕರುಳು ಎಲ್ಲಿ ಅಡ್ಡ ಬರುತ್ತದೆ ಎಂದು ಮಾತನಾಡುವುದು ಅಲ್ಲಿಗೆ ಹೋಗಿ ನಿಲ್ಲುವುದರಷ್ಟೇ ಬೆಲೆಯುಳ್ಳದ್ದು. ಚಿತ್ರಗಳನ್ನು ಕಳಿಸುವಾಗ ರೋಗಿಯ ಗುರುತು ಅಳಿಸುವುದನ್ನು ಮರೆಯಬಾರದು. ಕಡತದ ತಲೆಬರಹದಿಂದ ಹೆಸರು ತೆಗೆದರೂ ಅಲ್ಟ್ರಾಸೌಂಡ್ ಚಿತ್ರದ ಮೂಲೆಯಲ್ಲಿ ಅಚ್ಚಾಗಿರುವ ಹೆಸರು ಹಾಗೆಯೇ ಉಳಿದಿರುತ್ತದೆ.

ಹೊರಡುವವರಿಗೆ ಕಾಗದಪತ್ರಗಳ ಮಾತು ಬೇಗ ಮುಗಿಸುತ್ತೇನೆ. ಆ ದೇಶದ ವೈದ್ಯಕೀಯ ಮಂಡಳಿಯ ತಾತ್ಕಾಲಿಕ ನೋಂದಣಿ ಇಲ್ಲದೆ ರೋಗಿಯನ್ನು ಮುಟ್ಟಬೇಡಿ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ನಿಮ್ಮ ವೃತ್ತಿ ವಿಮೆ ಗಡಿಯಾಚೆ ಅನ್ವಯಿಸುತ್ತದೆಯೇ ಎಂದು ಲಿಖಿತವಾಗಿ ಕೇಳಿ, ಅನ್ವಯಿಸುತ್ತದೆಂದು ಊಹಿಸಬೇಡಿ. ಹಳದಿ ಜ್ವರದ ಲಸಿಕೆ ಕೇಳುವ ದೇಶಗಳಿಗೆ ಪ್ರಮಾಣಪತ್ರ ಮಾನ್ಯವಾಗುವುದು ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರ. ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಡೆಯುವ ಔಷಧವನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಬೇಕು. ಅದು ಅಲ್ಲಿ ಸಿಗುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಿ, ಇಲ್ಲವಾದರೆ ಜೊತೆಗೆ ಒಯ್ಯಿರಿ.

ಇಲ್ಲಿ ತರಬೇತಿಯಲ್ಲಿರುವ ಕಿರಿಯರು ಅನೇಕರಿದ್ದೀರಿ. ನಿಮ್ಮ ಆಸ್ಪತ್ರೆಯಲ್ಲಿ ಮೇಲ್ವಿಚಾರಣೆ ಇಲ್ಲದೆ ಮಾಡಲು ಬಿಡದ ಚಿಕಿತ್ಸೆಯನ್ನು ಅಲ್ಲಿಯೂ ಮಾಡಬೇಡಿ; "ಅಲ್ಲಿ ಬೇರೆ ಯಾರೂ ಇಲ್ಲವಲ್ಲ" ಎಂಬುದು ಕೈ ಪಳಗಿಸಿಕೊಳ್ಳಲು ಪರವಾನಗಿಯಲ್ಲ. ನೀವು ಕಲಿಯುವ ಪ್ರತಿ ಅವಕಾಶವೂ ಅಲ್ಲಿನ ಒಬ್ಬ ಕಿರಿಯ ವೈದ್ಯರಿಂದ ಕಸಿದುಕೊಂಡದ್ದಾಗಬಹುದು, ಆದ್ದರಿಂದ ಸೂಜಿ ಅವರ ಕೈಯಲ್ಲಿರಲಿ, ಅಲ್ಟ್ರಾಸೌಂಡ್ ಪ್ರೋಬ್ ನಿಮ್ಮ ಕೈಯಲ್ಲಿದ್ದರೆ ಸಾಕು. ರೋಗಿಗಳ ಫೋಟೋಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕುವ ವಿಷಯದಲ್ಲಿ ನಿಮ್ಮ ಆಸ್ಪತ್ರೆಯ ನಿಯಮವೇ ಅಲ್ಲಿಯೂ ನಿಮ್ಮ ನಿಯಮವಾಗಿರಬೇಕು. ಸಂಶೋಧನಾ ಪ್ರಬಂಧ ಬರೆಯುವುದಿದ್ದರೆ ಅಲ್ಲಿನ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಪ್ರಶ್ನೆ ಅಲ್ಲಿನವರ ಪ್ರಶ್ನೆಯಾಗಿರಬೇಕು, ದತ್ತಾಂಶ ಅವರ ಬಳಿಯೂ ಉಳಿಯಬೇಕು, ಮತ್ತು ಲೇಖಕರ ಸಾಲಿನಲ್ಲಿ ಅವರ ಹೆಸರು ನಡುವಿನಲ್ಲೆಲ್ಲೋ ಸೇರಿಸಿದ ಉಪಚಾರವಾಗಬಾರದು. ಸಂಶೋಧನಾ ಸಹಯೋಗದ ಇಂಥ ಅಸಮಾನತೆಯ ಚರ್ಚೆಯಿಂದಲೇ 2022ರಲ್ಲಿ ಸಂಶೋಧನಾ ಪ್ರಾಮಾಣಿಕತೆಯ ಬಗ್ಗೆ ನಡೆದ ಕೇಪ್ ಟೌನ್ ಸಮ್ಮೇಳನದ ಹೇಳಿಕೆ ರೂಪುಗೊಂಡಿತು.

ಕೊನೆಯದಾಗಿ ವಿಭಾಗದ ಮುಖ್ಯಸ್ಥರಿಗೆ ಒಂದು ಕೋರಿಕೆ. ಒಬ್ಬ ವೈದ್ಯರನ್ನು ಎರಡು ವಾರ ಬಿಟ್ಟುಕೊಡುವುದು ಕಷ್ಟವೆಂದು ನನಗೆ ಗೊತ್ತು. ಆದರೆ ಬೇರೆ ಬೇರೆ ಕಡೆಗೆ ಒಬ್ಬೊಬ್ಬರನ್ನು ಒಮ್ಮೊಮ್ಮೆ ಕಳಿಸುವ ಬದಲು, ಒಂದೇ ಆಸ್ಪತ್ರೆಗೆ ಐದು ವರ್ಷಗಳ ಕಾಲ ಸರದಿಯಂತೆ ಕಳಿಸುವುದಾಗಿ ಬರೆದುಕೊಡಿ; ಹೋಗುವ ಪ್ರತಿಯೊಬ್ಬರಿಗೂ ಹಿಂದಿನವರು ಹಾಕಿದ ಕೊಳವೆಗಳ ಪಟ್ಟಿಯನ್ನು, ಯಾವುದನ್ನು ಯಾವ ತಿಂಗಳು ಬದಲಿಸಬೇಕೆಂಬ ದಿನಾಂಕಗಳೊಂದಿಗೆ, ವಿಮಾನದ ಟಿಕೆಟಿಗಿಂತ ಮೊದಲೇ ಕೈಗಿಡಿ. ದಾದಿಯರ ಮತ್ತು ತಂತ್ರಜ್ಞರ ರಜೆಯನ್ನೂ ಅದೇ ಪತ್ರದಲ್ಲಿ ಮಂಜೂರು ಮಾಡಿ.